ಓಟದ ಚಕ್ಕಡಿಗೆ ತೂಕದ ಕಟ್ಟಳೆ

ಪಂದ್ಯಕ್ಕೂ ಯುದ್ಧಕ್ಕೂ ಇರುವ ಮುಖ್ಯ ಅಂತರವೆಂದರೆ ಕಟ್ಟಳೆ. ಯುದ್ಧಕ್ಕೆ ಹೊರಟವನು ಎದುರಾಳಿಯ ಬಲವನ್ನು ನೋಡಿ ತನ್ನ ಬಲವನ್ನು ಅದಕ್ಕೆ ಸರಿಯಾಗಿ ಅಳೆದು ತರುವದಿಲ್ಲ. ನನ್ನ ಊರಾದ ಸೊರಟೂರ ಇತಿಹಾಸದ ಪುಸ್ತಕಗಳಲ್ಲಿ ಹೆಸರು ಪಡೆದದ್ದೇ ಒಂದು ಯುದ್ಧದಿಂದ. 1190ರ ಸುಮಾರಿಗೆ ಹೊಯ್ಸಳರ ಇಮ್ಮಡಿ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಈ ನೆಲದಲ್ಲಿ. ಆ ದಿನ ಇಬ್ಬರಲ್ಲಿ ಯಾರೂ 'ನಿಮ್ಮ ಆನೆಗಳೆಷ್ಟು, ನಮ್ಮ ಆನೆಗಳೆಷ್ಟು, ಸರಿಮಾಡಿಕೊಂಡು ಕಾದೋಣ' ಎಂದಿರಲಾರರು. ಯುದ್ಧದ ರೀತಿಯೇ ಅದು. ಆದರೆ ಜಾತ್ರೆಯ ಬಯಲಿನಲ್ಲಿ ನಾಲ್ಕು ಊರಿನ ಜನ ಕೂಡಿ ನೋಡುವ ಪಂದ್ಯದ ರೀತಿ ಹಾಗಿರಬಾರದು. ಅಲ್ಲಿ ಇಬ್ಬರೂ ಯಾವದೋ ಒಂದು ವಿಷಯದಲ್ಲಿ ಸರಿಯಾಗಿ ನಿಂತ ಮೇಲೆಯೇ, ಇನ್ನೊಂದು ವಿಷಯದಲ್ಲಿ ಯಾರು ಹೆಚ್ಚು ಎಂಬ ಪ್ರಶ್ನೆಗೆ ಅರ್ಥ ಬರುವದು.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ಕಾವ್ಯ, ತತ್ತ್ವಜ್ಞಾನ, ದೇಶೋದ್ಧಾರ ಇವುಗಳಲ್ಲೊಂದನ್ನು ಆರಿಸಿಕೊಳ್ಳುವರು. ನಾನು ಆರಿಸಿಕೊಂಡದ್ದು ಚಕ್ಕಡಿಯ ಓಟ; ಅದರಲ್ಲಿಯೂ ಓಟದ ಚಕ್ಕಡಿಯ ತೂಕ. ವಿಷಯ ಕೇಳಿ ವಸತಿಗೃಹದ ಗೆಳೆಯರು ನಕ್ಕದ್ದುಂಟು. ಆದರೆ ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಬಾಗಿಲು ಕಂಡವನು ನಾನೇ ಮೊದಲಿಗ. ನನ್ನ ಹಿಂದಿನವರು ಕಂಡದ್ದು ನೊಗ, ಕೂರಿಗೆ, ಚಕ್ಕಡಿಗಳನ್ನು. ಕಲಿತ ನಾಲ್ಕು ಅಕ್ಷರಗಳನ್ನು ಅವರ ಬದುಕಿನ ಒಂದು ಪ್ರಶ್ನೆಗೆ ಹಚ್ಚಿ ನೋಡದಿದ್ದರೆ ಕಲಿತದ್ದರ ಸಾರ್ಥಕತೆಯೇನು? ಆದುದರಿಂದ ನಕ್ಕವರ ಕ್ಷಮೆ ಕೇಳಿ ಮುಂದುವರಿಯುವೆನು.

ನಮ್ಮ ಎರೆಭೂಮಿಯ ಸೀಮೆಯಲ್ಲಿ ಎತ್ತು ಮನೆಯ ಮಗನಿದ್ದಂತೆ. ಕಾರಹುಣ್ಣಿಮೆಯಂದು ಅದರ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಊರ ಮುಂದೆ ಕರಿ ಹರಿಸುವದು ಹಿಂದಿನಿಂದ ಬಂದ ಪದ್ಧತಿ. ಜಾತ್ರೆಗಳಲ್ಲಿ ಎತ್ತಿನ ಬಲವನ್ನು ನೋಡುವ ಬಗೆಗಳು ಬೇರೆಬೇರೆ. ಬಾಗಲಕೋಟೆಯ ಕಡೆಗೆ ಭಾರ ಎಳೆಸುವ ತೆರಬಂಡಿಯ ಸ್ಪರ್ಧೆ ಉಂಟು. ನಮ್ಮ ಕಡೆಗೆ ಖಾಲಿ ಚಕ್ಕಡಿ ಓಡಿಸುವ ಸ್ಪರ್ಧೆ ಹೆಚ್ಚು ಜನಪ್ರಿಯ. ಹಲವು ಕಡೆಗೆ, ಒಂದು ನಿಮಿಷದಲ್ಲಿ ಒಂದು ಜೋಡಿ ಎಷ್ಟು ಅಡಿ ಓಡಿತೆಂದು ಟೇಪು ಹಿಡಿದು ಅಳೆಯುವರು. ನಿಮಿಷಕ್ಕೆ ಗಡಿಯಾರ ಇದೆ, ಅಡಿಗೆ ಟೇಪು ಇದೆ. ಆದರೆ ಎತ್ತುಗಳ ಹಿಂದೆ ಕಟ್ಟಿದ ಚಕ್ಕಡಿ ಎಷ್ಟು ಭಾರದ್ದೆಂದು ಅಳೆಯುವ ತಕ್ಕಡಿಯನ್ನು ನಾನು ಕಂಡ ಯಾವ ಜಾತ್ರೆಯಲ್ಲಿಯೂ ಇಟ್ಟಿರಲಿಲ್ಲ. ನನ್ನ ಲೇಖನದ ವಾದವೆಲ್ಲ ಈ ಇಲ್ಲದ ತಕ್ಕಡಿಯ ಕುರಿತಾದದ್ದು.

ಮೊದಲು ಚಕ್ಕಡಿ ಎಂದರೆ ಏನೆಂಬದನ್ನು ಪಟ್ಟಣದ ಗೆಳೆಯರಿಗೆ ಹೇಳಬೇಕು. ಹೊಲದ ಚಕ್ಕಡಿಯನ್ನು ಊರ ಬಡಿಗರು ಗಟ್ಟಿ ಕಟ್ಟಿಗೆಯಿಂದ ಮಾಡುವರು. ಗಾಲಿಗೆ ಗುಂಬ, ಅರ, ಅದರ ಮೇಲೆ ಕಮ್ಮಾರನು ಕಾಯಿಸಿ ಕೂಡ್ರಿಸಿದ ಕಬ್ಬಿಣದ ಹಳಿ, ನಡುವೆ ಅಚ್ಚು, ಮುಂದೆ ನೊಗ. ಅದು ಗೊಬ್ಬರ ಹೊರುವದು, ಹತ್ತಿ ಹೊರುವದು, ಕಣಿಕೆ ಹೊರುವದು, ಮದುವೆಯ ದಿಬ್ಬಣವನ್ನೂ ಹೊರುವದು. ಆದುದರಿಂದ ಅದಕ್ಕೆ ತೂಕ ಇರಲೇಬೇಕು. ಹಿಂದಿನ ಓಟಗಳಲ್ಲಿ ಓಡುತ್ತಿದ್ದುದು ಇದೇ ಚಕ್ಕಡಿ. ಬೆಳಿಗ್ಗೆ ಹೊಲಕ್ಕೆ ಹೋದದ್ದು ಮಧ್ಯಾಹ್ನ ಜಾತ್ರೆಗೆ ಬರುತ್ತಿತ್ತು.

ಈಗ ಓಟಕ್ಕೆಂದೇ ಮಾಡಿಸಿದ ಗಾಡಿಗಳು ಬಂದಿವೆ. ಕಬ್ಬಿಣದ ಕೊಳವೆಗಳನ್ನು ಬೆಸೆದು, ತೆಳುವಾದ ಗಾಲಿಗಳನ್ನು ಜೋಡಿಸಿ, ಹಲಗೆಯ ಹೆಸರಿಲ್ಲದೆ, ಓಡಿಸುವವನು ಕಾಲೂರುವಷ್ಟು ಜಾಗ ಮಾತ್ರ ಬಿಟ್ಟು ಮಾಡಿದ ಗಾಡಿ ಅದು. ಇಬ್ಬರು ಗಂಡಾಳುಗಳು ಅದನ್ನು ಎತ್ತಿ ಟ್ರಕ್ಕಿನಲ್ಲಿ ಇಡುವದನ್ನು ನಾನು ನೋಡಿದ್ದೇನೆ. ಅದರಲ್ಲಿ ಒಂದು ಹೊರೆ ಮೇವನ್ನು ಸಹ ಹೇರಲು ಬಾರದು. ಅದಕ್ಕೆ ಹೂಡುವ ಎತ್ತುಗಳೂ ವರ್ಷದುದ್ದಕ್ಕೂ ಹೊಲ ಕಾಣದವು. ಓಟಕ್ಕೆ ಹೆಸರಾದ ಖಿಲ್ಲಾರಿ ತಳಿಯ ಚುರುಕು ಎತ್ತುಗಳನ್ನು ದೂರದಿಂದ ತಂದು, ಬೇರೆ ಮೇವು ಬೇರೆ ಆರೈಕೆ ಮಾಡಿ ಸಾಕುವರು. ಸಾಕಲಿ, ಅದು ಅವರ ಹವ್ಯಾಸ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಗಾಡಿಯೂ ನಮ್ಮ ಚಕ್ಕಡಿಯೂ ಒಂದೇ ಗೆರೆಯ ಮೇಲೆ ನಿಂತು, ಒಂದೇ ಬಹುಮಾನಕ್ಕೆ ಓಡುವವಲ್ಲ! ಆಕ್ಷೇಪ ಅದಕ್ಕೆ.

ನಮ್ಮ ತಂದೆಯವರು ಹಿಂದೆ ಓಟಕ್ಕೆ ತಪ್ಪದೆ ಹೋಗುತ್ತಿದ್ದರು. ಒಮ್ಮೆ ಅವರಿಗೆ ಒಂದು ಹಿತ್ತಾಳೆಯ ಕೊಡ ಬಹುಮಾನವಾಗಿ ಬಂದಿತ್ತು. ಅದು ಇಂದಿಗೂ ನಮ್ಮ ಅಡಿಗೆಯ ಮನೆಯಲ್ಲಿದೆ. ಈಗ ಕೆಲವು ವರ್ಷಗಳಿಂದ ಅವರು ಎತ್ತುಗಳನ್ನು ಜಾತ್ರೆಗೆ ಒಯ್ಯುವದನ್ನು ಬಿಟ್ಟಿದ್ದಾರೆ. ಕಾರಣ ಕೇಳಿದಾಗ ಅವರು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಕೊಡುವೆನು: "ತಮ್ಮಾ, ನಮ್ಮದು ಹೊಲದ ಚಕ್ಕಡಿ. ಅವರು ತಂದದ್ದು ಚಕ್ಕಡಿ ಅಲ್ಲ, ಬರೇ ಎರಡು ಗಾಲಿ. ಅದರ ಸಂಗಾಟ ನಮ್ಮದನ್ನ ಏನ ಓಡಸೂದು? ಎತ್ತು ಸೋತರ ಸೋಲಲಿ, ಒಪ್ಪಕೋತೀನಿ. ಕಬ್ಬಿಣ ಸೋತದ್ದನ್ನ ಎತ್ತಿನ ಸೋಲು ಅಂತ ಹೆಂಗ ಒಪ್ಪಕೊಳ್ಳಲಿ?" ಅಕ್ಷರ ಕಲಿಯದ ಅವರು ಆಡಿದ ಈ ಮಾತಿನಲ್ಲಿ ಇಡೀ ವಾದದ ತಿರುಳಿದೆಯೆಂದು ನನಗೆ ತೋರುತ್ತದೆ.

ಇದನ್ನು ಲೆಕ್ಕದಿಂದಲೂ ನೋಡಬಹುದು. ಒಂದು ಜೋಡಿ ಎತ್ತಿನ ತೂಕ 700 ಕಿಲೋ ಎಂದು ಇಟ್ಟುಕೊಳ್ಳೋಣ. ಅದರ ಹಿಂದೆ 250 ಕಿಲೋದ ಚಕ್ಕಡಿ, ಮೇಲೆ 60 ಕಿಲೋದ ಗಂಡಸು. ಒಟ್ಟು 1,010 ಕಿಲೋ. ಇನ್ನೊಂದು ಜೋಡಿಯೂ ಅಷ್ಟೇ ತೂಕದ್ದು, ಅಷ್ಟೇ ಕಸುವಿನದು. ಆದರೆ ಅದರ ಹಿಂದೆ 100 ಕಿಲೋದ ಗಾಡಿ, ಮೇಲೆ 40 ಕಿಲೋದ ಒಬ್ಬ ಹುಡುಗ. ಒಟ್ಟು 840 ಕಿಲೋ. ಒಂದೇ ಎಳೆತಕ್ಕೆ ಎರಡನೆಯ ಜೋಡಿ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಾಗಿ ವೇಗವನ್ನು ಕೂಡಿಸಿಕೊಳ್ಳುವದು. ಈ ಇಪ್ಪತ್ತರಲ್ಲಿ ಎತ್ತಿನ ಪಾಲು ಒಂದಾದರೂ ಇದೆಯೇ? ಸಾಕಿದವನ ಕಾಳಜಿಯ ಪಾಲು ಇದೆಯೇ? ಇರುವದು ಬೆಸುಗೆಯ ಅಂಗಡಿಗೆ ಕೊಟ್ಟ ಹಣದ ಪಾಲು ಮಾತ್ರ.

ಇಂಥ ಪ್ರಶ್ನೆ ನಮಗೇ ಮೊದಲು ಬಂದದ್ದಲ್ಲ. ಮೋಟಾರು ಪಂದ್ಯಗಳ ಇತಿಹಾಸವನ್ನು ಓದಿದರೆ ಅದು ತೂಕದ ಜಗಳದ ಇತಿಹಾಸವೇ ಎಂದರೆ ತಪ್ಪಾಗಲಾರದು. ಮೊದಮೊದಲು ಅವರು ಕಟ್ಟಳೆಯನ್ನು ತಲೆಕೆಳಗಾಗಿ ಮಾಡಿದರು. 1902ರ ಹೊತ್ತಿಗೆ ಯುರೋಪಿನ ದೊಡ್ಡ ಪಂದ್ಯಗಳಲ್ಲಿ ಗಾಡಿ 1,000 ಕಿಲೋ ಮೀರಬಾರದೆಂಬ ಮೇಲ್ಮಿತಿ ಇತ್ತು. ಗಾಡಿ ಹಗುರಾದರೆ ಯಂತ್ರವೂ ಸಣ್ಣದಾಗಿ, ವೇಗ ಕಡಿಮೆಯಾಗುವದೆಂದು ಹಿರಿಯರ ಎಣಿಕೆ. ಆದರೆ ಮಾಡುವವರು ಯಂತ್ರವನ್ನು ದೊಡ್ಡದಾಗಿಯೇ ಉಳಿಸಿ, ಚೌಕಟ್ಟನ್ನು ತೆಳುಮಾಡಿದರು. ಕಬ್ಬಿಣಕ್ಕೆ ಅಲ್ಲಲ್ಲಿ ತೂತು ಕೊರೆದು ತೂಕ ಇಳಿಸಿದರು. 1903ರ ಪ್ಯಾರಿಸ್-ಮ್ಯಾಡ್ರಿಡ್ ಪಂದ್ಯದಲ್ಲಿ ಓಡಿಸುವವರೂ ನೋಡುವವರೂ ಸತ್ತು, ಪಂದ್ಯವನ್ನು ಬೋರ್ಡೋ ಪಟ್ಟಣದಲ್ಲಿಯೇ ನಿಲ್ಲಿಸಬೇಕಾಯಿತು. 1908ರಲ್ಲಿ ಗ್ರಾನ್ ಪ್ರೀ ಪಂದ್ಯಕ್ಕೆ 1,100 ಕಿಲೋಗೆ ಕಡಿಮೆ ಇರಬಾರದೆಂಬ ಕೆಳಮಿತಿ ಬಂತು. 1934ರಲ್ಲಿ ಮತ್ತೆ 750 ಕಿಲೋದ ಮೇಲ್ಮಿತಿ ತಂದಾಗ, ಜರ್ಮನಿಯ ಕಾರಖಾನೆಗಳು ಅಷ್ಟೇ ತೂಕದಲ್ಲಿ ಹಿಂದೆಂದೂ ಇಲ್ಲದ ಬಲದ ಯಂತ್ರಗಳನ್ನು ಕೂಡ್ರಿಸಿ ಆ ಎಣಿಕೆಯನ್ನು ಮತ್ತೊಮ್ಮೆ ಸುಳ್ಳು ಮಾಡಿದವು. 1961ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕೆ 450 ಕಿಲೋದ ಕೆಳಮಿತಿ ಇತ್ತು. 2025ರಲ್ಲಿ ಅದು 800 ಕಿಲೋ ಆಗಿತ್ತು. ಅಂಕಿಗಳು ಬದಲಾದವು, ಕೆಳಮಿತಿ ಬೇಕೆಂಬ ತತ್ತ್ವ ಉಳಿಯಿತು.

ಆದರೆ ನಮ್ಮ ಚಕ್ಕಡಿಗೆ ಹೆಚ್ಚು ಹತ್ತಿರವಾದದ್ದು ಆ ದೊಡ್ಡ ಪಂದ್ಯವಲ್ಲ. ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದಾದ ಸಾಮಾನ್ಯ ಮೋಟಾರನ್ನೇ ಸ್ವಲ್ಪ ತಿದ್ದಿ ಓಡಿಸುವ ಹವ್ಯಾಸಿಗಳ ಪಂದ್ಯ. ನಮ್ಮ ದಕ್ಷಿಣದಲ್ಲಿ ಮದರಾಸಿನ ಹತ್ತಿರದ ಷೋಲಾವರಂ ಎಂಬಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನದಾರಿಯ ಮೇಲೆ, ಬೆಂಗಳೂರಿನ ಹವ್ಯಾಸಿಗಳೂ ಸೇರಿ ಫಿಯಾಟ್, ಅಂಬಾಸಡರ್ ಗಾಡಿಗಳನ್ನು ಓಡಿಸುತ್ತಿದ್ದರು. ಮನೆಯವರನ್ನು ಕೂಡ್ರಿಸಿಕೊಂಡು ಪೇಟೆಗೆ ಹೋಗುವ ಜಾತಿಯ ಗಾಡಿಯೇ ಪಂದ್ಯಕ್ಕೂ ಬರುವದು! ನಮ್ಮ ಹೊಲದ ಚಕ್ಕಡಿಯಂತೆಯೇ ಅಲ್ಲವೇ?

ಇಂಥ ಪಂದ್ಯದಲ್ಲಿ ತೂಕದ ಕಟ್ಟಳೆ ಇಲ್ಲದಿದ್ದರೆ ಏನಾಗುವದು? ಮೊದಲು ಹಿಂದಿನ ಆಸನ ಕಿತ್ತು ಹಾಕುವರು. ಆಮೇಲೆ ಬಾಗಿಲಿನ ಒಳಹೊದಿಕೆ, ಆಮೇಲೆ ಗಾಜಿನ ಬದಲು ಪ್ಲಾಸ್ಟಿಕ್, ಆಮೇಲೆ ಉಕ್ಕಿನ ಬದಲು ಅಲ್ಯುಮಿನಿಯಮ್. ಮೊದಲ ಐವತ್ತು ಕಿಲೋ ಇಳಿಸಲು ಒಂದು ಪಾನಾ, ಒಂದು ಇಕ್ಕಳ ಸಾಕು. ಮುಂದಿನ ಹತ್ತು ಕಿಲೋ ಇಳಿಸಲು ಹಣದ ಚೀಲವೇ ಬೇಕು. ಅಲ್ಲಿಂದ ಮುಂದೆ ಪಂದ್ಯ ನಡೆಯುವದು ಚೀಲಗಳ ನಡುವೆ. ಕೆಳಮಿತಿಯೊಂದಿದ್ದರೆ ಬಡ ಹವ್ಯಾಸಿಯೂ ಪಾನಾ ಇಕ್ಕಳಗಳಿಂದ ಆ ಮಿತಿಯನ್ನು ಮುಟ್ಟಬಲ್ಲನು; ಹಣವಂತನಿಗೆ ಅದರ ಕೆಳಗೆ ಕೊಳ್ಳತಕ್ಕದ್ದೇನೂ ಉಳಿಯುವದಿಲ್ಲ.

ಎರಡನೆಯ ಲಾಭ ಇನ್ನೂ ದೊಡ್ಡದು. ಗಾಡಿ ಉರುಳಿದರೆ ಒಳಗಿನವನನ್ನು ಕಾಯಲು ಉಕ್ಕಿನ ಪಂಜರ ಹಾಕುವರು. ತೂಕದ ಕಟ್ಟಳೆ ಇಲ್ಲದ ಕಡೆಗೆ ಪಂಜರ ದಪ್ಪವಾದಷ್ಟೂ ಗಾಡಿ ಹಿಂದೆ ಬೀಳುವದು. ಆದುದರಿಂದ ಜೀವ ಕಾಯುವ ಕಬ್ಬಿಣದಲ್ಲಿಯೇ ಉಳಿತಾಯ ಮಾಡುವ ಆಸೆ ಹುಟ್ಟುವದು. ಕೆಳಮಿತಿ ಇದ್ದಲ್ಲಿ ಹೇಗೂ ಅಷ್ಟು ತೂಕ ಹೊರಲೇಬೇಕಾದ್ದರಿಂದ, ಅದನ್ನು ಪಂಜರದ ರೂಪದಲ್ಲಿಯೇ ಏಕೆ ಹೊರಬಾರದು ಎಂಬ ವಿವೇಕ ಬರುವದು. ಅಂದರೆ ಕಟ್ಟಳೆಯು ಸುರಕ್ಷತೆಯನ್ನು ಪುಕ್ಕಟೆ ಮಾಡಿಕೊಡುವದು.

ನಮ್ಮ ಓಟಗಳಲ್ಲಿ ಇದರ ಅಗತ್ಯ ಎಷ್ಟೆಂಬದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಜಾತ್ರೆಯಲ್ಲಿ ನಮ್ಮ ಓಣಿಯ ಹದಿಮೂರು ವರ್ಷದ ಹುಡುಗನೊಬ್ಬನನ್ನು ಅಂಥ ಕೊಳವೆಯ ಗಾಡಿಯ ಮೇಲೆ ನಿಲ್ಲಿಸಿದ್ದರು. ಗಾಲಿ ಒಂದು ಕಲ್ಲಿಗೆ ತಾಕಿ ಗಾಡಿ ನೆಗೆಯಿತು. ಹುಡುಗ ಕೆಳಗೆ ಬಿದ್ದು ಮುಂಗೈ ಮುರಿದುಕೊಂಡನು. ಹಿಡಿದುಕೊಳ್ಳಲು ಅಲ್ಲಿ ಒಂದು ಅಡ್ಡಗೂಟ ಸಹ ಇರಲಿಲ್ಲ, ಅಡ್ಡಗೂಟಕ್ಕೆ ತೂಕವಿರುತ್ತದಲ್ಲ! ಆ ಹುಡುಗನನ್ನು ಆರಿಸಿದ್ದು ಅವನು ಓಡಿಸುವದರಲ್ಲಿ ಜಾಣನೆಂದಲ್ಲ, ಹಗುರ ಇದ್ದಾನೆಂದು. ಅವನು ಈಗ ಗುಣವಾಗಿ ಶಾಲೆಗೆ ಹೋಗುತ್ತಾನೆ. ಆದರೆ ಮಕ್ಕಳ ಹಗುರವಾದ ಮೈಯನ್ನು ಗೆಲುವಿನ ಸಾಧನ ಮಾಡಿಕೊಳ್ಳುವ ಪಂದ್ಯವನ್ನು ನಾವು ಹಬ್ಬವೆಂದು ಹೇಗೆ ಕರೆಯೋಣ? ಓಡಿಸುವವನನ್ನೂ ಸೇರಿಸಿ ತೂಕ ಗೊತ್ತುಮಾಡಿದರೆ ಹುಡುಗನನ್ನು ನಿಲ್ಲಿಸುವದರಿಂದ ಯಾರಿಗೂ ಲಾಭವಿಲ್ಲ. ಫಾರ್ಮುಲಾ ಒನ್ ಪಂದ್ಯದಲ್ಲಿಯೂ 2019ರಿಂದ ಓಡಿಸುವವನಿಗೂ ಅವನ ಆಸನಕ್ಕೂ ಕೂಡಿ 80 ಕಿಲೋದ ಪ್ರತ್ಯೇಕ ಕೆಳಮಿತಿ ಇಟ್ಟರು. ಅದಕ್ಕೆ ಮುಂಚೆ ಎತ್ತರದ ಮೈಕಟ್ಟಿನವರು ಅನ್ನ ಬಿಟ್ಟು ಮೈ ಇಳಿಸುತ್ತಿದ್ದರು.

ಕುದುರೆಯ ಜೂಜಿನಲ್ಲಿಯೂ ಸವಾರನನ್ನು ಜೀನಿನ ಸಮೇತ ಓಟದ ಮೊದಲೂ ಆಮೇಲೂ ತೂಗುವರು. ಕಡಿಮೆ ಬಿದ್ದರೆ ಸೀಸದ ತುಂಡುಗಳನ್ನು ಕಟ್ಟುವರು. ಕರಾವಳಿಯ ಕಂಬಳವನ್ನು ನೋಡಿರಿ. ಅಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ಕಟ್ಟುವ ಸಾಧನಕ್ಕೆ ತಕ್ಕಂತೆ ವಿಭಾಗಗಳಿವೆ. ಹಗ್ಗ ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂದು ಮತ್ತೆ ಎರಡು ಭಾಗ. ನೇಗಿಲಿನ ಕೋಣಗಳನ್ನು ಅಡ್ಡಹಲಗೆಯ ಕೋಣಗಳ ಸಂಗಡ ಯಾರೂ ಹೋಲಿಸುವದಿಲ್ಲ. ಇನ್ನು ಕುಸ್ತಿ. 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಖಾಶಾಬಾ ಜಾಧವರು ಕಂಚಿನ ಪದಕ ತಂದರಲ್ಲ, ಅದು 57 ಕಿಲೋದ ತೂಕದ ವಿಭಾಗದಲ್ಲಿ. ತೂಕದ ವಿಭಾಗವೇ ಇಲ್ಲದೆ ನೂರು ಕಿಲೋದವನ ಎದುರಿಗೆ ಅವರನ್ನು ಬಿಟ್ಟಿದ್ದರೆ ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಆಟದ ಮೊದಲ ಪದಕ ಆ ವರ್ಷ ಬರುತ್ತಿತ್ತೇ? ನಮ್ಮ ಗರಡಿಗಳಲ್ಲಿಯೂ ಜೋಡಿ ಹಚ್ಚುವ ಹಿರಿಯರು ಇಬ್ಬರ ಮೈಕಟ್ಟನ್ನು ನೋಡಿಯೇ ಕೈ ಕೂಡಿಸುವರು. ಮನುಷ್ಯರಿಗೆ ಇರುವ ಈ ನ್ಯಾಯ ಚಕ್ಕಡಿಗೆ ಮಾತ್ರ ಏಕೆ ಬೇಡ?

ನನ್ನ ವಾದಕ್ಕೆ ಇದಿರಾಗಿ ಹೇಳಬಹುದಾದ ಮಾತುಗಳನ್ನು ಮುಚ್ಚಿಡುವದು ಸರಿಯಲ್ಲ. ಮೊದಲನೆಯದು ದಯೆಯ ಮಾತು: 'ಹಗುರಾದ ಗಾಡಿಯಿಂದ ಎತ್ತಿಗೆ ಸುಖ, ನೀನು ಭಾರ ಹೊರಿಸಲು ಹೊರಟಿರುವೆ.' ಇದು ತಳ್ಳಿಹಾಕುವ ಮಾತಲ್ಲ. ಬೆಂಗಳೂರಿನಲ್ಲಿರುವ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು, ನಮ್ಮ ಎತ್ತಿನ ಗಾಡಿಗಳನ್ನು ಸುಧಾರಿಸಿ ಎತ್ತಿನ ಶ್ರಮ ತಗ್ಗಿಸಬೇಕೆಂದು ಬಹುಕಾಲ ಹೋರಾಡಿದರು. ಆದರೆ ಅವರ ಚಿಂತೆ ದಿನವಿಡೀ ದುಡಿಯುವ ಎತ್ತಿನದು. ನನ್ನ ವಿಷಯ ಒಂದು ನಿಮಿಷದ ಓಟದ್ದು. ಭಾರ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲಿ ಆದ ಕೇಂದ್ರ ನಿಯಮಗಳು, ರಬ್ಬರ್ ಗಾಲಿಯಿಲ್ಲದ ಎರಡು ಗಾಲಿಯ ಗಾಡಿಯಲ್ಲಿ ಸಣ್ಣ ಎತ್ತಿಗೂ 500 ಕಿಲೋದವರೆಗೆ ಒಪ್ಪುತ್ತವೆ. ನಾನು ಕೇಳುವದು ಖಾಲಿ ಚಕ್ಕಡಿಯ ಸಹಜ ತೂಕವನ್ನು ಮಾತ್ರ. ಅದು ಆ ಮಿತಿಯ ಬಹಳ ಕೆಳಗೆ ನಿಲ್ಲುವದು. ಅದೇ ನಿಯಮಗಳು 37 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಪ್ರಾಣಿಗಳನ್ನು ಹೂಡಬಾರದೆಂದೂ ಹೇಳುತ್ತವೆ. ಎತ್ತಿನ ಮೇಲೆ ನಿಜವಾದ ದಯೆ ಇದ್ದವರು ಬೇಸಿಗೆಯ ಜಾತ್ರೆಯ ವೇಳಾಪತ್ರಿಕೆಯನ್ನು ಮೊದಲು ತಿದ್ದಲಿ.

ಈ ಮಾತಿನಲ್ಲಿ ಒಂದು ಸತ್ಯಾಂಶ ಮಾತ್ರ ಇದೆ. ಭಾರದ ಗಾಡಿ ನಿಲ್ಲುವಾಗ ಎತ್ತಿನ ಕೊರಳನ್ನು ಮುಂದಕ್ಕೆ ದೂಡುವದು. ಆದುದರಿಂದ ಓಟ ಮುಗಿಯುವ ಗೆರೆಯ ಮುಂದೆ, ಎತ್ತುಗಳು ತಾವಾಗಿ ನಿಧಾನ ಮಾಡುವಷ್ಟು ಉದ್ದದ ಮೆತ್ತನೆಯ ನೆಲ ಇರಬೇಕು. ಹಾಗೆಯೇ ತೂಕ ಕಡಿಮೆ ಬಿದ್ದ ಗಾಡಿಗೆ ಕಟ್ಟುವ ಕಬ್ಬಿಣ ಎಲ್ಲಿ ಇರಬೇಕೆಂಬದೂ ಮುಖ್ಯ. ಅಚ್ಚಿನ ಮುಂದೆ ಕಟ್ಟಿದರೆ ನೊಗ ಹೆಗಲ ಮೇಲೆ ಒತ್ತುವದು; ಹಿಂದೆ ಕಟ್ಟಿದರೆ ನೊಗ ಮೇಲೆದ್ದು ಕೊರಳ ಕೆಳಗಿನ ಜತ್ತಿಗೆ ಉಸಿರು ಕಟ್ಟಿಸುವದು. ಸರಿಯಾಗಿ ಅಚ್ಚಿನ ಮೇಲೆಯೇ ಕಟ್ಟಬೇಕು. ಚಕ್ಕಡಿ ಹೇರುವ ಪ್ರತಿಯೊಬ್ಬ ಒಕ್ಕಲಿಗನಿಗೂ ಇದು ಗೊತ್ತು. ಹೇಳಿಕೊಡಲು ಯಾವ ಪಂಡಿತನೂ ಬೇಕಾಗಿಲ್ಲ.

ಎರಡನೆಯದು ಪ್ರಗತಿಯ ಮಾತು: 'ಜಾಣತನದಿಂದ ಹಗುರ ಗಾಡಿ ಮಾಡಿದವನನ್ನು ತಡೆದರೆ ಸುಧಾರಣೆ ಹೇಗೆ ಆಗಬೇಕು?' ಸುಧಾರಣೆ ಎಂದರೆ ಹೊಲಕ್ಕೆ ಬರುವಂಥದು. ಹಗುರವಾಗಿದ್ದೂ ಹತ್ತು ಚೀಲ ಹೊರುವ ಚಕ್ಕಡಿಯನ್ನು ಯಾರಾದರೂ ಮಾಡಿದರೆ ನಾನೇ ಅವರಿಗೆ ಹಾರ ಹಾಕುವೆನು. ಒಂದು ಹೊರೆ ಮೇವನ್ನೂ ಹೊರದ ಗಾಡಿ ಯಾವದರ ಸುಧಾರಣೆ? ಇಷ್ಟೇ ಅಲ್ಲ, ಕಟ್ಟಳೆ ಏನನ್ನು ಬೇಡುವದೋ ಜನ ಅದನ್ನೇ ಬೆಳೆಸುವರು. ಖಾಲಿ ಕೊಳವೆಯ ಗಾಡಿಗೆ ಬಹುಮಾನ ಕೊಟ್ಟರೆ ಓಡುವ ತಳಿ ಮಾತ್ರ ಬೆಳೆಯುವದು. ಎರೆಮಣ್ಣಿನಲ್ಲಿ ಭಾರ ಎಳೆಯಲೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕೃಷ್ಣಾ ತೀರದ ದೊಡ್ಡ ಎತ್ತು ಈಗ ವಿರಳವಾಗಿದೆ. ಟ್ರ್ಯಾಕ್ಟರು ಅದರ ಕೆಲಸ ಕಸಿಯಿತು. ಪಂದ್ಯವಾದರೂ ಅದರ ಮಾನವನ್ನು ಉಳಿಸಬಹುದು.

ಮೂರನೆಯದು ನನ್ನ ಗೆಳೆಯನೊಬ್ಬನ ಮಾತು, ಉಳಿದೆರಡಕ್ಕಿಂತ ಬಲವಾದದ್ದು. 'ತೂಕದ ಗೊಡವೆ ಏಕೆ? ಹೊಲದ ಚಕ್ಕಡಿಗಳಿಗೆ ಬೇರೆ ಓಟ ಇಡಿರಿ, ಮುಗಿಯಿತು.' ಕೇಳಲು ಚೆನ್ನಾಗಿದೆ. ಆದರೆ ಇದು ಹೊಲದ ಚಕ್ಕಡಿಯೇ ಎಂದು ಹೇಳುವವರಾರು? ನಾಲ್ಕು ಹಲಗೆ ಬಡಿದು, ಸ್ವಲ್ಪ ಸಗಣಿ ಮೆತ್ತಿಕೊಂಡು ಬಂದರೆ ಯಾವ ಗಾಡಿಯೂ ಹೊಲದ್ದಾಗಬಹುದು. ಆಗ ಪಂಚರು ಕೂಡ್ರಬೇಕು, ಸಾಕ್ಷಿ ಕೇಳಬೇಕು. ಪಂಚರೆಂದ ಮೇಲೆ ಯಾರ ಮಾತು ನಡೆಯುವದೆಂಬದು ಹಳ್ಳಿಯವರಿಗೆಲ್ಲ ಗೊತ್ತು. ಮೋಟಾರಿನವರೂ ಈ ದಾರಿಯಲ್ಲಿ ನಡೆದು ನೋಡಿದರು. ಅಂಗಡಿಯಲ್ಲಿ ಮಾರುವ ಗಾಡಿಯೇ ಆಗಿರಬೇಕೆಂದು ಹೇಳಿದರೆ, ಕಾರಖಾನೆಗಳು ಪಂದ್ಯಕ್ಕೆಂದೇ ಕೆಲವು ನೂರು ಗಾಡಿಗಳನ್ನು ಮಾಡಿ 'ಇಗೋ ಮಾರಾಟಕ್ಕಿದೆ' ಎಂದವು. 1965ರಲ್ಲಿ ಆಲ್ಫಾ ರೋಮಿಯೋ ಕಂಪನಿಯು ಹೊರಗಿನ ತಗಡನ್ನೆಲ್ಲ ಅಲ್ಯುಮಿನಿಯಮ್ಮಿನಿಂದ ಮಾಡಿ ಜಿಟಿಎ ಎಂಬ ಗಾಡಿಯನ್ನು ಹೊರಡಿಸಿತು; ಆ ಹೆಸರಿನ ಕೊನೆಯ ಅಕ್ಷರದ ಅರ್ಥವೇ 'ಹಗುರಗೊಳಿಸಿದ್ದು' ಎಂದು. ಗಾಡಿ ಎಂಥದೆಂಬ ಪ್ರಶ್ನೆಗೆ ವಕೀಲರು ಬೇಕು. ಗಾಡಿ ಎಷ್ಟು ಭಾರವೆಂಬ ಪ್ರಶ್ನೆಗೆ ಕಾಟಾ ಸಾಕು. ಕಾಟಾದ ಮುಳ್ಳು ಯಾರ ಪರಿಚಯವನ್ನೂ ಕೇಳುವದಿಲ್ಲ. ಪರಿಚಯವಿಲ್ಲದ ಮನೆಯಿಂದ ಬಂದ ನನ್ನಂಥವನಿಗೆ ಈ ಗುಣ ಬಹಳ ದೊಡ್ಡದಾಗಿ ಕಾಣುವದು.

ಹಾಗಾದರೆ ಮಾಡತಕ್ಕದ್ದೇನು? ನನ್ನ ಸೂಚನೆಗಳು ನಾಲ್ಕು. ಒಂದನೆಯದಾಗಿ, ಮಿತಿಯನ್ನು ಯಾರೂ ಮನಸ್ಸಿಗೆ ಬಂದಂತೆ ಹೇಳಬಾರದು. ಊರಿನ ದುಡಿಯುವ ಚಕ್ಕಡಿಗಳಲ್ಲಿ ಹತ್ತನ್ನು ತೂಗಿ, ಅವುಗಳಲ್ಲಿ ಎಲ್ಲಕ್ಕೂ ಹಗುರವಾದದ್ದರ ತೂಕವನ್ನೇ ಕೆಳಮಿತಿಯಾಗಿ ಇಡಬೇಕು. ಹೀಗಾದರೆ ಸಣ್ಣ ಎತ್ತಿನ ಬಡವನಿಗೂ ಅನ್ಯಾಯವಾಗದು. ಎರಡನೆಯದಾಗಿ, ಓಡಿಸುವವನನ್ನು ಸೇರಿಸಿಯೇ ತೂಗಬೇಕು. ಹದಿನೆಂಟು ವರ್ಷದೊಳಗಿನವರನ್ನು ಗಾಡಿ ಹತ್ತಿಸಲೇಬಾರದು. ಮೂರನೆಯದಾಗಿ, ಕಡಿಮೆ ಬಿದ್ದವನು ಅಚ್ಚಿನ ಮೇಲೆ ಕಬ್ಬಿಣ ಕಟ್ಟಿಕೊಳ್ಳಲಿ. ಯಾರನ್ನೂ ಹೊರಗೆ ಹಾಕುವದು ಬೇಡ. ಕೊಳವೆಯ ಗಾಡಿಯವನೂ ನಮ್ಮವನೇ.

ನಾಲ್ಕನೆಯದು, ಓಟದ ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಗಬೇಕು. ಆಮೇಲೆ ಏಕೆಂದರೆ, ಮನುಷ್ಯನ ಬುದ್ಧಿ ಎಲ್ಲ ಕಡೆಗೂ ಒಂದೇ. 1982ರ ಬ್ರೆಜಿಲ್ ಪಂದ್ಯದಲ್ಲಿ ಬ್ರೇಕು ತಣಿಸಲೆಂದು ನೀರಿನ ತೊಟ್ಟಿ ಇಟ್ಟುಕೊಂಡ ಗಾಡಿಗಳು ಓಡುವಾಗ ನೀರನ್ನು ಚೆಲ್ಲಿ ಹಗುರಾದವು. ತೂಗುವ ಮೊದಲು ಮತ್ತೆ ತುಂಬಿಕೊಳ್ಳಬಹುದೆಂಬ ಯುಕ್ತಿ. ಮೊದಲನೆಯವನಾಗಿ ಬಂದ ಪೀಕೆ, ಎರಡನೆಯವನಾಗಿ ಬಂದ ರೋಸ್ಬರ್ಗ್ ಇಬ್ಬರ ಗೆಲುವನ್ನೂ ಆಮೇಲೆ ರದ್ದುಮಾಡಿದರು. ನಮ್ಮಲ್ಲಿಯೂ ಉಸುಕಿನ ಚೀಲ ಕಟ್ಟಲು ಬಿಟ್ಟರೆ, ಅದಕ್ಕೆ ಒಂದು ಸಣ್ಣ ತೂತು ಮಾಡುವ ಜಾಣ ಪ್ರತಿಯೊಂದು ಊರಿನಲ್ಲಿಯೂ ಹುಟ್ಟಿಯೇ ಇರುವನು! ಕಾಟಾ ಎಲ್ಲಿಂದ ತರಬೇಕೆಂದು ಕೇಳಬೇಡಿರಿ. ಹತ್ತಿ, ಹೆಸರು, ಉಳ್ಳಾಗಡ್ಡಿ ತೂಗುವ ನಮ್ಮ ಪೇಟೆಗಳಲ್ಲಿ ಸರಕಾರದ ಮುದ್ರೆ ಬಿದ್ದ ಕಾಟಾಗಳಿಗೆ ಬರವಿಲ್ಲ. ನಮ್ಮ ಬೆಳೆಯನ್ನು ಇಷ್ಟು ಕಾಲ ತೂಗಿದ ಕಾಟಾ ಒಂದು ದಿನ ನಮ್ಮ ಹಬ್ಬವನ್ನೂ ತೂಗಲಿ.

ಓಟ ನಡೆಯಬೇಕೇ ಬೇಡವೇ ಎಂಬ ದೊಡ್ಡ ವಾದ ನ್ಯಾಯಾಲಯದವರೆಗೆ ಹೋಗಿ ಬಂದಿದೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನ ಗಾಡಿಯ ಓಟಗಳು ಸಲ್ಲವೆಂದಿತು. 2017ರಲ್ಲಿ ನಮ್ಮ ರಾಜ್ಯವು ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅವಕಾಶ ಕೊಡುವಂತೆ ಕಾಯದೆಯನ್ನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಡೆಯಬಹುದೆಂದು ನ್ಯಾಯಾಲಯ ಹೇಳಿತು. ಹೇಗೆ ನಡೆಯಬೇಕೆಂಬ ಹೊಣೆ ನಮ್ಮ ಮೇಲೆ ಉಳಿಯಿತು. ಸಂಸ್ಕೃತಿಯ ಹೆಸರಿನಲ್ಲಿ ಪಡೆದ ಅನುಮತಿಯನ್ನು ಹಣದ ಪಂದ್ಯಕ್ಕೆ ಬಳಸಿದರೆ, ನಾಳೆ ಯಾರಾದರೂ 'ಇದರಲ್ಲಿ ಒಕ್ಕಲುತನ ಎಲ್ಲಿದೆ?' ಎಂದು ಕೇಳಿದಾಗ ನಮ್ಮ ಹತ್ತಿರ ಉತ್ತರವಿರಲಾರದು.

ಈ ಕಾಲೇಜಿನಲ್ಲಿ ಕಲಿಯುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ಹಳ್ಳಿಗಳಿಂದ ಬಂದವರು. ರಜೆಗೆ ಊರಿಗೆ ಹೋದಾಗ ಜಾತ್ರೆಯ ಕಮಿಟಿಯವರು ನಮ್ಮನ್ನು ಕರೆದು ಹಸ್ತಪತ್ರಿಕೆ ಬರೆಸುವರು, ಬಹುಮಾನದ ಪಟ್ಟಿ ಬರೆಸುವರು, ಧ್ವನಿವರ್ಧಕದ ಮುಂದೆ ನಿಲ್ಲಿಸುವರು. ಹಸ್ತಪತ್ರಿಕೆಯಲ್ಲಿ ಬಹುಮಾನದ ಮೊತ್ತದ ಕೆಳಗೆ ಇನ್ನೊಂದು ಸಾಲು ಸೇರಿಸಲು ನಾವು ಅವರನ್ನು ಒಪ್ಪಿಸಬಾರದೇ? 'ಓಡಿಸುವವನು ಸೇರಿ ಚಕ್ಕಡಿಯ ತೂಕ ಇಷ್ಟು ಕಿಲೋಗೆ ಕಡಿಮೆ ಇರಬಾರದು' ಎಂಬಷ್ಟೇ. ಹಿರಿಯರು ಮೊದಲು ಗೊಣಗುವರು, ಆಮೇಲೆ ಕಾರಣ ಕೇಳುವರು. ಕಾರಣಗಳನ್ನು ನಾನು ಮೇಲೆ ಹೇಳಿದ್ದೇನೆ. ನಮ್ಮ ಗುರುಗಳೂ ಸಹಾಧ್ಯಾಯಿಗಳೂ ಇದಕ್ಕಿಂತ ಬಲವಾದವನ್ನು ಕೂಡಿಸಿಕೊಟ್ಟರೆ ನಾನು ಋಣಿ. ಆ ಒಂದು ಸಾಲು ಬಿದ್ದ ವರ್ಷ, ಓಟವನ್ನು ಬಿಟ್ಟು ಕುಳಿತ ಎಷ್ಟೋ ಜೋಡಿಗಳು ಮತ್ತೆ ಗೆರೆಗೆ ಬರುವವೆಂದು ನನ್ನ ನಂಬಿಗೆ. ಬಂದು ಸೋತರೂ ಚಿಂತೆಯಿಲ್ಲ. ಅದು ಎತ್ತಿನ ಸೋಲಾಗಿರುವದು, ಅದನ್ನು ಒಪ್ಪಿಕೊಂಡು ಮನೆಗೆ ಹೋಗಬಹುದು.